ಮುನಿಶಾಮಪ್ಪನವರ ಇನ್‌ಸ್ಪೆಕ್ಟರ್

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಿಂದಿನವರು ನೂಕಿದ ರಭಸಕ್ಕೇ ನಾನು ಪ್ಲಾಟ್‌ಫಾರ್ಮಿನ ಮೇಲೆ ಬಂದು ನಿಂತೆ. ಮೈಸೂರಿನಿಂದ ಬೆಂಗಳೂರಿನವರೆಗೆ ಕಿಟಕಿಯ ಪಕ್ಕದ ಸೀಟು, ರಾಣಿಯ ಹಾಗೆ ಬಂದಿದ್ದೆ. ಅಲ್ಲಿಂದ ಮುಂದೆ ಕೆಲಸ ಮುಗಿಸಿ ಊರಿಗೆ ಮರಳುವವರ ಸಂಜೆಯ ರೈಲು. ನನ್ನ ಬ್ಯಾಗು ಯಾರದೋ ತೊಡೆಯ ಮೇಲೆ, ನಾನು ಬಾಗಿಲ ಹತ್ತಿರ ಒಂಟಿ ಕಾಲಿನಲ್ಲಿ. ಬ್ಯಾಗು ಇಟ್ಟುಕೊಂಡಿದ್ದ ಪುಣ್ಯಾತ್ಗಿತ್ತಿ, ನಾನು ಇಳಿದ ಮೇಲೆ ಅದನ್ನು ನೆನಪಿನಿಂದ ಕಿಟಕಿಯಲ್ಲಿ ತೂರಿಸಿ ಕೊಟ್ಟಳು.

ರತ್ನ ಮೇಲ್ಸೇತುವೆಯ ಬುಡದಲ್ಲಿ ಕಾಯುತ್ತಿದ್ದಳು. ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಮಾಡುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಇಬ್ಬರೂ ಮೇಷ್ಟ್ರಿಕೆ ಮುಗಿಸಿ ಮನೆಯಲ್ಲಿ ಕೂತಾಗಿದೆ. "ಏನೇ ಇಂಗ್ ಇಳ್ದೋಗಿದ್ದೀಯ? ಮೈಸೂರಾಗೆ ಅನ್ನ ಆಕಲ್ವಾ ನಿಂಗೆ?" ಎಂದು ರೇಗಿಸಿ ಬ್ಯಾಗು ಕಿತ್ತುಕೊಂಡಳು.

ನಾನು ಹೊರಟದ್ದು ಪುಸ್ತಕದ ನೆಪದಲ್ಲಿ. ನಮ್ಮ ಬಡಾವಣೆಯ ಓದುಗರ ಕೂಟದವರು, ಹಳೆಯ ಪತ್ತೇದಾರಿ ಕಾದಂಬರಿಗಳ ಪತ್ತೇದಾರರಲ್ಲಿ ಯಾರು ಯಾಕೆ ಇಷ್ಟವಾಗುತ್ತಿದ್ದರು ಎಂದು ಮಾತಾಡಿ ಅಂದಿದ್ದರು. ಹಾಸ್ಟೆಲಿನಲ್ಲಿ ನಮಗಿದ್ದ ಜಗಳವೇ ಅದು. ಪಾಕೆಟ್ ಸೈಜಿನ, ಬಣ್ಣದ ರಟ್ಟಿನ ಪುಸ್ತಕಗಳು. ದಿಂಬಿನ ಕೆಳಗೆ ಬಚ್ಚಿಟ್ಟು ಓದುತ್ತಿದ್ದೆವು. ರತ್ನಳಿಗೆ ಪತ್ತೇದಾರ ಚಂದ್ರಚೂಡ ಅಂದರೆ ಪ್ರಾಣ. ಉದ್ದ ಕೋಟು, ಭೂತಗನ್ನಡಿ, ಬೂಟಿನ ಗುರುತು ನೋಡಿಯೇ ಕಳ್ಳನ ಜಾತಕ ಹೇಳುತ್ತಿದ್ದ ಆಸಾಮಿ. ಒಂದು ಸಲವೂ ತಪ್ಪಿದವನಲ್ಲ. ಅಪರಾಧಿಯ ಕೈಗೆ ಬೇಡಿ ಬಿದ್ದ ಕೂಡಲೇ ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದ, ಹಿಂದಿರುಗಿ ನೋಡುತ್ತಿರಲಿಲ್ಲ. ನನಗೆ ವಕೀಲೆ ವಿಶಾಲಾಕ್ಷಮ್ಮ. ಆಕೆ ಮನೆ ಬಿಟ್ಟು ಕದಲುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಮನೆಗೆ ಬಂದವರ ಮಾತನ್ನು ಸುಮ್ಮನೆ ಕೇಳಿಸಿಕೊಂಡು ಎಳೆ ಹಿಡಿಯುತ್ತಾಳೆ. ನನಗೂ ಊರಿನ ಮಾತಿನಲ್ಲಿ ಕಿವಿ ಜಾಸ್ತಿ, ಅದಕ್ಕೇ ಇರಬೇಕು.

ಮೂರನೆಯವನು ಇನ್‌ಸ್ಪೆಕ್ಟರ್ ದೊರೆಸ್ವಾಮಿ. ನಮ್ಮಿಬ್ಬರಿಗೂ ಆತನೆಂದರೆ ಅಷ್ಟಕ್ಕಷ್ಟೇ. ಬೊಜ್ಜು, ಸುಸ್ತು, ಮೊದಲು ಹಿಡಿಯುವುದು ಗ್ಯಾರಂಟಿ ನಿರಪರಾಧಿಯನ್ನು. ನಿಜವಾದ ಕಳ್ಳ ಸಿಕ್ಕ ಮೇಲೂ ಕಥೆ ಮುಗಿಯುವುದಿಲ್ಲ. ತಾನು ಅನುಮಾನಪಟ್ಟವನ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಒಂದಿಷ್ಟು ಮಾತಾಡಿ ಬರುತ್ತಾನೆ. ಪ್ರತಿ ಪುಸ್ತಕದಲ್ಲೂ ಅದೇ ಕೊನೆ. "ಬರೀ ಸಾಬೂನಿನ ನೊರೆ, ಒಳಗೇನೂ ಇಲ್ಲ" ಎಂದು ರತ್ನ ಆ ಅಧ್ಯಾಯವನ್ನು ಓದುತ್ತಲೇ ಇರಲಿಲ್ಲ. ಆ ಪುಸ್ತಕಗಳನ್ನು ಅವಳಿಗೆ ಕೊಡುತ್ತಿದ್ದವರು ಅವಳಪ್ಪ ಮುನಿಶಾಮಪ್ಪನವರು. ಬಂಗಾರಪೇಟೆ ಸೀಮೆಯ ಹಳ್ಳಿಯವರು, ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಕೆಲಸ. ಅವರಿಗೆ ದೊರೆಸ್ವಾಮಿಯೇ ದೊರೆ. ನನಗೆ ಈಗ ಬೇಕಾಗಿದ್ದವು ದೊರೆಸ್ವಾಮಿಯ ಪುಸ್ತಕಗಳು, ಎಲ್ಲೂ ಸಿಕ್ಕಿರಲಿಲ್ಲ. ಅಪ್ಪನ ಪುಸ್ತಕಗಳು ಚಾಂಪಿಯನ್ ರೀಫ್ಸ್‌ನ ಸೆಲ್ವಿಯಮ್ಮನ ಮನೆಯಲ್ಲಿ ಇರಬಹುದು ಎಂದು ರತ್ನ ಫೋನಿನಲ್ಲಿ ಹೇಳಿದ್ದಳು.

ಮನೆಗೆ ಹೋಗುವ ದಾರಿಯಲ್ಲೇ ಪಾನಿಪುರಿ ತಿಂದೆವು. ಈ ಊರಿನ ಪಾನಿಗೆ ಬಣ್ಣವಿಲ್ಲ, ನೋಡಲು ಬರೀ ನೀರು. ಖಾರ ಮಾತ್ರ ನೆತ್ತಿಗೆ ಹತ್ತಿ, ನಾನು ಕಣ್ಣೊರೆಸಿಕೊಳ್ಳುತ್ತಿರುವಾಗ ರತ್ನಳಿಗೆ ಫೋನು ಬಂತು. ಹಳ್ಳಿಯಿಂದ ಅವಳ ತಮ್ಮ. ಅವಳು ಹೂಂ, ನೋಡ್ತೀನಿ, ಹೂಂ ಎಂದಷ್ಟೇ ಹೇಳಿ ಇಟ್ಟಳು.

"ನಾಡಿದ್ದು ಅಮಾವಾಸ್ಯೆ. ಅಪ್ಪಂಗೆ ಎಡೆ ಇಕ್ತಾರೆ, ಬಾ ಅಂತಾನೆ," ಅಂದಳು. "ಪ್ರತಿ ವರ್ಷಾನೂ ಕರೀತಾನೆ. ಪ್ರತಿ ವರ್ಷಾನೂ ನಾನು ಓಗಲ್ಲ."

ಪಿತೃಪಕ್ಷದ ಅಮಾವಾಸ್ಯೆಯಂದು ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಇಡುವುದು ನಮ್ಮಲ್ಲೂ ಉಂಟು. ಹೆತ್ತ ಮಗಳು ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತಾ, ಅವಳು ಹೇಳಿದಳು.

ಸೋದರತ್ತೆಯ ಮಗನಿಗೆ ಅವಳನ್ನು ಕೊಡುವುದೆಂದು ಮುನಿಶಾಮಪ್ಪನವರು ತಂಗಿಗೆ ಮಾತು ಕೊಟ್ಟಿದ್ದರು. ರತ್ನ ಒಲ್ಲೆ ಅಂದಳು. ಅಣ್ಣ ತಂಗಿಯ ನಡುವೆ ಬಾಯಿಮಾತೇ ನಿಂತುಹೋಯಿತು. ಮುಂದೆ ಬಂಗಾರಪೇಟೆಯ ಈ ಸಂಬಂಧ ಬಂದು ಮದುವೆಯಾದರೂ, ಅಪ್ಪ ಮಗಳ ಜೊತೆ ಮೊದಲಿನ ಹಾಗೆ ಮಾತಾಡಲಿಲ್ಲ. ಪುಸ್ತಕ ಕೊಡುವುದೂ ನಿಂತಿತು. ಉಸಿರಿನ ಕಾಯಿಲೆಯಾಗಿ ಮಲಗಿದಾಗ ಇವಳು ಹೋಗಿ ಪಕ್ಕದಲ್ಲಿ ಕೂತಿದ್ದಳು.

"‘ಅಪ್ಪಾ, ನನ್ ಮೇಲೆ ಇನ್ನೂ ಕೋಪಾನಾ’ ಅಂತ ಕೇಳ್ದೆ ಕಣೇ. ಎದೆ ಮೇಲೆ ಕೈ ಇಕ್ಕೊಂಡು, ‘ಇಲ್ಲೇ... ಇಲ್ಲೇ’ ಅಂದ್ರು. ಆಮೇಲೆ ಮಾತೇ ಆಡ್ನಿಲ್ಲ. ಕೋಪ ಇಲ್ಲೇ ಐತೆ, ಎದ್ಯಾಗೇ ಐತೆ ಅಂತ ತೋರ್ಸಿ ಕಣ್ಮುಚ್ಚಿದ್ರು. ಕೋಪ ಇಕ್ಕೊಂಡು ಓದೋರಿಗೆ ನಾನು ಯಾವ ಕೈಯಾಗೆ ಎಡೆ ಇಕ್ಕಲಿ?"

ಅಪ್ಪ ಹೋದಂದಿನಿಂದ ಅವಳು ಒಂದು ಪತ್ತೇದಾರಿ ಪುಸ್ತಕವನ್ನೂ ಮುಟ್ಟಿಲ್ಲವಂತೆ. ಚಂದ್ರಚೂಡನನ್ನು ಕೂಡ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋದೆವು. ಒಣಗಾಳಿ, ಬಾಯಲ್ಲೆಲ್ಲ ಧೂಳು. ದೂರದಲ್ಲಿ, ಗಣಿಯ ಮಣ್ಣು ಸುರಿದು ಸುರಿದು ಬೆಳೆದ ಬೂದು ದಿಬ್ಬಗಳು ಕಾಣಿಸಿದವು. ರತ್ನ ಹಣ್ಣು ಕೊಳ್ಳಲು ಮಾರ್ಕೆಟ್ಟಿನೊಳಗೆ ಹೋದಾಗ, ಆಟೋ ಹಿಡಿಯುವ ಜವಾಬ್ದಾರಿ ನನ್ನದಾಯಿತು. ಹೂ ಕಟ್ಟುತ್ತಿದ್ದ ಹೆಂಗಸನ್ನು, "ಚಾಂಪಿಯನ್ ರೀಫ್ಸ್‌ಗೆ ಶೇರ್ ಆಟೋ ಇಲ್ಲಿ ಬರತ್ತೇನಮ್ಮಾ?" ಎಂದು ಕೇಳಿದೆ. "ಇಲ್ಲೆ ಮಾ," ಅಂದಳು. ಸರಿ, ಇಲ್ಲೇ ತಾನೇ ಎಂದು ಬಿಸಿಲಲ್ಲಿ ಗೂಟದ ಹಾಗೆ ನಿಂತೆ. ನಾಲ್ಕಾರು ಆಟೋ ಎದುರಿನ ಬದಿಯಿಂದ ತುಂಬಿಕೊಂಡು ಹೋದವು. ಹೂವಿನವಳು ನನ್ನನ್ನು ನೋಡಿ ನೋಡಿ ಸಾಕಾಗಿ, ಆ ಕಡೆಗೆ ಕೈ ತೋರಿಸಿ ತಮಿಳಿನಲ್ಲಿ ಗದರಿದಳು.

ರತ್ನ ಬಂದವಳೇ ನಗಲು ಶುರು ಮಾಡಿದಳು. "ಅಯ್ಯೋ ನಿನ್ನ! ಅದು ತಮಿಳು ‘ಇಲ್ಲೆ’ ಕಣೇ. ಇಲ್ಲ ಅಂದ್ಲು ಆಯಮ್ಮ. ನೀನು ಇಲ್ಲೇ ಅನ್ಕೊಂಡಾ?" ನಾನೂ ನಕ್ಕೆ. ಇಬ್ಬರು ಮಾಜಿ ಟೀಚರುಗಳು, ಪತ್ತೇದಾರಿ ಓದಿ ಓದಿ ತಲೆ ಹಣ್ಣಾದವರು, ಅಲ್ಲಿ ನಿಂತು ನಗುತ್ತಾ ಇದ್ದೆವೇ ಹೊರತು ಇಬ್ಬರ ತಲೆಗೂ ಮುಂದಿನದು ಹೊಳೆಯಲಿಲ್ಲ.

ಚಾಂಪಿಯನ್ ರೀಫ್ಸ್‌ನಲ್ಲಿ ಆಟೋ ಇಳಿದಾಗ ಸದ್ದೇ ಇರಲಿಲ್ಲ. ತುಕ್ಕು ಹಿಡಿದ ಗಣಿಯ ಗೋಪುರ, ಮುಚ್ಚಿದ ಗೇಟು, ಅದರಾಚೆ ಸಾಲುಮನೆಗಳು. ತಗಡಿನ ಮಾಡು ಇಷ್ಟು ತಗ್ಗಿನಲ್ಲಿರುತ್ತದೆಂದು ತಿಳಿಯದೆ ಹಣೆ ಬಡಿಸಿಕೊಂಡೆ. ಸೆಲ್ವಿಯಮ್ಮ ಮುನಿಶಾಮಪ್ಪನವರ ಜೊತೆ ಕೆಲಸ ಮಾಡುತ್ತಿದ್ದವರ ಹೆಂಡತಿ. ಗಂಡ ತೀರಿಹೋಗಿದ್ದಾರೆ. ರತ್ನಳನ್ನು ಕಂಡವರೇ ಎರಡೂ ಕೆನ್ನೆ ಹಿಡಿದುಕೊಂಡು, "ವಾ ಮಾ, ಮುನಿಸಾಮಿ ಅಣ್ಣನ ಮಗಳಾ? ಎಷ್ಟು ವರ್ಷ ಆಯ್ತು ಕಣ್ಣಾ!" ಎಂದು ಕಣ್ಣು ತುಂಬಿಕೊಂಡರು.

ಪುಸ್ತಕ ಒಂದೂ ಉಳಿದಿರಲಿಲ್ಲ. ಗೆದ್ದಲು ಹತ್ತಿ, ಹಂಡೆಯ ಒಲೆಗೆ ಹಾಕಿಬಿಟ್ಟಿದ್ದರಂತೆ. ನನ್ನ ಮುಖ ಇಳಿದದ್ದು ಕಂಡು ಅವರಿಗೆ ಬೇಜಾರಾಯಿತು. "ಪುಸ್ತಕ ಓಯ್ತು, ಆದ್ರೆ ಕಥೆ ಎಲ್ಲಾ ನಂಗೆ ಬರುತ್ತೆ ಮಾ," ಅಂದರು.

"ಕನ್ನಡ ಓದೋಕೆ ಬರುತ್ತಾ ನಿಮಗೆ?"

"ನಂಗೆಲ್ಲಿ? ನಮ್ಮೋರಿಗೂ ಬರ್ತಿರ್ಲಿಲ್ಲ. ಅಣ್ಣ ಶಿಫ್ಟ್ ಮುಗಿಸಿ ನಮ್ಮ ಜಗಲಿ ಮೇಲೆ ಕೂತು ಮನಸಲ್ಲೇ ಕನ್ನಡ ಓದೋರು, ಬಾಯಲ್ಲಿ ತಮಿಳು ಹೇಳೋರು. ಸಾಲುಮನೆ ಜನ ಎಲ್ಲಾ ಸೇರ್ತಿದ್ರು."

ರತ್ನ ಬೆರಗಾದಳು. "ನಮ್ಮಪ್ಪ ತಮಿಳಾಗೆ ಕಥೆ ಏಳ್ತಿದ್ರಾ? ಮನೇಲಿ ಒಂದ್ ತಮಿಳ್ ಮಾತೂ ಆಡ್ತಿರ್ಲಿಲ್ವಲ್ಲ! ಅಜ್ಜಿ ಬಯ್ತಾಳೆ ಅಂತ ಹೊಸ್ಲಾಚೆಗೇ ಬಿಟ್ಟು ಬರೋರು."

"ಇಲ್ಲಿ ಪೂರಾ ತಮಿಳೇ ಮಾ. ಇನ್‌ಸ್ಪೆಕ್ಟರ್ ಕಥೆ ಅಂದ್ರೆ ನಮ್ಮೋರು ಊಟಕ್ಕೂ ಏಳ್ತಿರ್ಲಿಲ್ಲ." ಸೆಲ್ವಿಯಮ್ಮ ನೆಟ್ಟಗೆ ಕೂತರು. "ಕಡೇಲಿ ಇನ್‌ಸ್ಪೆಕ್ಟರ್ ಆ ತಪ್ಪು ಮಾಡದೇ ಇರೋ ಆಳ್ ಮನೆಗೆ ಹೋಗ್ತಾರಲ್ಲ, ಅದು ಬಂದ್ರೆ ಅಣ್ಣ ಪುಸ್ತಕ ಮುಚ್ಚಿಡೋರು. ನೋಡೋದೇ ಬೇಡ. ‘ಎನ್ ಮೇಲೆ ಕೋಬಮಾ?’ ಅಂತ ಇನ್‌ಸ್ಪೆಕ್ಟರ್ ಕೇಳೋದು. ಆಮೇಲೆ ಆ ಕಡೆ ತಿರುಗಿ, ಆ ಆಳ್ ತರ, ಎದೆ ಮೇಲೆ ಕೈ ಇಟ್ಕೊಂಡು..." ಅವರು ತಮ್ಮ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ದನಿ ತಗ್ಗಿಸಿ ಹೇಳಿದರು. "‘ಇಲ್ಲೆ... ಇಲ್ಲೆ.’ ಯಾವ ಕಥೆ ಆದ್ರೂ ಕಡೇಲಿ ಅದೇ. ಎಲ್ರೂ ಅದಕ್ಕೇ ಕಾಯ್ತಿದ್ರು."

ರತ್ನ ಅವರು ಕೊಟ್ಟಿದ್ದ ಟೀ ಲೋಟವನ್ನು ಕೆಳಗಿಟ್ಟು ಹತ್ತಿರಕ್ಕೆ ಸರಿದಳು. "ಇನ್ನೊಂದ್ ಸಲ ಏಳಿ ಅತ್ತೆ," ಅಂದಳು. ಪಾಪ, ಸೆಲ್ವಿಯಮ್ಮನಿಗೆ ಏನೂ ಗೊತ್ತಿಲ್ಲ. ಕಥೆ ಹಿಡಿಸಿತೆಂದು ಖುಷಿಯಾಗಿ, ಮತ್ತೆ ಎದೆಯ ಮೇಲೆ ಕೈಯಿಟ್ಟು ಹೇಳಿದರು.

ಪುಸ್ತಕದಲ್ಲಿ ಆ ಜಾಗ ನನಗೆ ಚೆನ್ನಾಗಿ ನೆನಪಿದೆ. ‘ನನ್ನ ಮೇಲೆ ಕೋಪವೇ?’ ಎಂದು ದೊರೆಸ್ವಾಮಿ ಕೇಳುತ್ತಾನೆ, ‘ಇಲ್ಲ’ ಎಂದು ಆ ನಿರಪರಾಧಿ ಹೇಳುತ್ತಾನೆ, ಕಥೆ ಮುಗಿಯುತ್ತದೆ. ರತ್ನ ಓದದೆ ಬಿಡುತ್ತಿದ್ದ ಅಧ್ಯಾಯ ಅದು. ಅಪ್ಪನನ್ನು ಅವಳು ಕೇಳಿದ್ದು ದೊರೆಸ್ವಾಮಿಯ ಪ್ರಶ್ನೆಯನ್ನೇ. ಅಪ್ಪ ಕೊಟ್ಟದ್ದು ಈ ಜಗಲಿಯ ಉತ್ತರವನ್ನು, ಈ ಜಗಲಿಯ ಭಾಷೆಯಲ್ಲಿ.

ಸೆಲ್ವಿಯಮ್ಮನ ಮಡಿಲಲ್ಲಿ ಮುಖವಿಟ್ಟು ರತ್ನ ಅತ್ತಳು. ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಅಲ್ಲಿದ್ದರೆ ನಾನೂ ಅಳುತ್ತಿದ್ದೆ, ಅಷ್ಟೇ.

ವಾಪಸು ಬರುವಾಗ ಆಟೋದಲ್ಲಿ ಅವಳು ನನ್ನ ಕಡೆ ತಿರುಗಿದಳು. "ಲೇ, ನಾನೇ ಸುಳ್ ಸಮಾಧಾನ ಮಾಡ್ಕೊಂತಿಲ್ಲ ತಾನೇ?" ಅಂದಳು. "ಅಪ್ಪಂಗೆ ಎದೆ ನೋವೂ ಇತ್ತು. ಕನ್ನಡದಾಗೇ ಏಳಿದ್ರೋ ಏನೋ. ಚಂದ್ರಚೂಡ ಆಗಿದ್ರೆ ಒಪ್ತಿದ್ನಾ?"

"ಒಪ್ಪುತ್ತಿರಲಿಲ್ಲ," ಅಂದೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಸಾಕ್ಷಿ ಎಲ್ಲಿ, ಗುರುತು ಎಲ್ಲಿ ಅಂತ ಕೇಳೋನು. ನನ್ನ ವಿಶಾಲಾಕ್ಷಮ್ಮ ಆದರೆ, ಮನುಷ್ಯ ಕೊನೆಗಾಲದಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಅಂತ ಎಲೆ ಮಡಿಸುತ್ತಾ ಯೋಚನೆ ಮಾಡೋಳು. ಆದರೆ ನಿಮ್ಮಪ್ಪ ಅವರಿಬ್ಬರನ್ನೂ ಓದಲಿಲ್ಲ ಕಣೇ. ಎಲ್ಲ ಬಿಟ್ಟು, ಮನೆ ಬಾಗಿಲಿಗೆ ಬಂದು ಕೋಪಾನಾ ಅಂತ ಕೇಳುವ ಆ ಬೊಜ್ಜಿನವನನ್ನು ಆರಿಸಿಕೊಂಡಿದ್ದರು. ನೀನೂ ಅವರ ಹತ್ತಿರ ಹೋಗಿ ಅದನ್ನೇ ಕೇಳಿದ್ದೀಯ. ಅಂಥ ಮನುಷ್ಯ ಬೇರೆ ಇನ್ನೇನು ಹೇಳಿಯಾನು?"

ರತ್ನ ತಲೆ ಆ ಕಡೆ ತಿರುಗಿಸಿ ದಿಬ್ಬಗಳನ್ನು ನೋಡುತ್ತಾ ಕೂತಳು. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದ ಮೇಲೆ ಸೀದಾ ಒಂದು ಬೇಕರಿಗೆ ಹೋಗಿ ಬನ್ನು ಕೊಂಡಳು. ಶಿಫ್ಟ್ ಮುಗಿಸಿ ಬರುವಾಗ ಅಪ್ಪ ಟೀಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದದ್ದು ಅದೇ ಅಂತೆ. ಅಂಗಡಿಯವರು ಪೊಟ್ಟಣ ಕಟ್ಟುತ್ತಿರುವಾಗಲೇ ತಮ್ಮನಿಗೆ ಫೋನು ಮಾಡಿ, "ನಾಳೆ ಬೆಳಿಗ್ಗೆ ಬತ್ತೀನಿ ಕಣ್ಲಾ. ನಾನು ಬರೋಗಂಟ ಎಲೆ ಆಕ್ಬೇಡ," ಅಂದಳು. ಆ ಕಡೆಯಿಂದ ಅವನು ಏನೆಂದನೋ, ಇವಳು ಕಣ್ಣು ಒತ್ತಿಕೊಂಡಳು.

ಸಂಜೆ ಅವಳು ಬಂಗಾರಪೇಟೆ ಸ್ಟೇಷನ್ನಿಗೆ ಬಂದು ನನ್ನನ್ನು ರೈಲು ಹತ್ತಿಸಿದಳು. ಈ ಸಲ ಕಿಟಕಿಯ ಸೀಟು ಸಿಕ್ಕಿತು. ದೊರೆಸ್ವಾಮಿಯ ಒಂದು ಪುಸ್ತಕವೂ ಸಿಗದೆ, ಬ್ಯಾಗಿನಲ್ಲಿ ಸೆಲ್ವಿಯಮ್ಮ ಕೊಟ್ಟ, ಚಕ್ಕುಲಿಯಂಥ ಮುರುಕ್ಕು ಮಾತ್ರ ಹೊತ್ತು ಹೊರಟಿದ್ದೆ. ಬನ್ನಿನ ಪೊಟ್ಟಣವನ್ನು ಜಜ್ಜಿಹೋಗದ ಹಾಗೆ ಕಂಕುಳಲ್ಲಿ ಹಿಡಿದು ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ರೈಲು ಅಲುಗಾಡಿತು. ಕಂಬಿಯ ಸಂದಿಯಿಂದ ಕೇಳಿದೆ.

"ಅಪ್ಪನ ಮೇಲೆ ನಿನಗೆ ಇನ್ನೂ ಕೋಪಾನಾ?"

ರತ್ನ ರೈಲಿನ ಜೊತೆ ನಾಲ್ಕು ಹೆಜ್ಜೆ ನಡೆದಳು. ಎದೆಯ ಮೇಲೆ ಕೈ ಇಟ್ಟುಕೊಂಡು, "ಇಲ್ಲೆ," ಅಂದಳು. ಈ ಸಲ ಯಾವ ಭಾಷೆ ಎಂದು ನಾನು ಕೇಳಬೇಕಾಗಲಿಲ್ಲ.