ಪಾಸ್ಕದ ಬಿಳಿ ಬಟ್ಟೆ

ಹಿರಿಯೂರಿನ ನಮ್ಮ ಚರ್ಚಿನಲ್ಲಿ ಪಾದ್ರಿ ಪೂಜೆ ಮಾಡುವ ಬಲಿಪೀಠದ ಮುಂದೆ ಇಳಿಬಿಡುವ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಕಾಲಕ್ಕೆ ತಕ್ಕಂತೆ ಬದಲಿಸುವ ಕೆಲಸ ಮೊದಲು ಅತ್ತೆಯದಾಗಿತ್ತು. ಅವರಿಗೆ ಮಂಡಿನೋವು ಹೆಚ್ಚಾದ ಮೇಲೆ ನನ್ನ ಪಾಲಿಗೆ ಬಂತು. ನಲವತ್ತು ದಿನದ ಉಪವಾಸದ ತಪಸ್ಸು ಕಾಲಕ್ಕೆ ನೇರಳೆ, ಅದು ಪಶ್ಚಾತ್ತಾಪ. ಪಾಸ್ಕಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ ಬಿಳಿ, ಅದು ಯೇಸು ಸಾವಿನಿಂದ ಎದ್ದು ಬಂದ ಸಂತೋಷ. ಹಬ್ಬವಿಲ್ಲದ ಸಾಧಾರಣ ದಿನಗಳಿಗೆ ಹಸಿರು. ಎಲ್ಲವನ್ನೂ ಅತ್ತೆಯೇ ಬಾಯಿಪಾಠ ಮಾಡಿಸಿದ್ದರು.

ಬಾಯಿಗೆ ಬಂದಿತ್ತು, ಮೈಗೆ ಹತ್ತಿರಲಿಲ್ಲ. ನಾನು ಹುಟ್ಟಿದ್ದು ರಾಮಗಿರಿ ಹತ್ತಿರದ ಕುರಿ ಸಾಕುವ ಮನೆಯಲ್ಲಿ. ಅಲ್ಲಿ ಬಿಳಿ ಸೀರೆ ಎಂದರೆ ಗಂಡ ಸತ್ತ ಅಜ್ಜಿಯರದು. ಹಸಿರು ಎಂದರೆ ಮುತ್ತೈದೆಯ ಬಳೆ. ಕ್ರೈಸ್ತರ ಮನೆಯವನನ್ನು ಪ್ರೀತಿಸಿ ಮದುವೆಯಾದೆನಾದರೂ ಮದುವೆಯ ದಿನ ಅವರ ಪದ್ಧತಿಯ ಬಿಳಿ ಸೀರೆ ಉಡಲು ಒಪ್ಪದೆ ಎಲ್ಲರ ಬಾಯಿಗೆ ಬಿದ್ದವಳು ನಾನು.

ಮೂರು ವರ್ಷದ ಹಿಂದೆ, ಶುಭ ಶುಕ್ರವಾರದ ದಿನವೇ ನನ್ನ ಗಂಡನಿಗೆ ದಾವಣಗೆರೆಯಲ್ಲಿ ಹೃದಯದ ಆಪರೇಷನ್ ಆಯಿತು. ಎರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಮೈದುನ ಅಲ್ಲುಳಿದು, ಮಕ್ಕಳಿದ್ದಾರೆಂದು ನನ್ನನ್ನು ಊರಿಗೆ ಕಳಿಸಿದ. ಶನಿವಾರ ಮಧ್ಯಾಹ್ನ, ರಾತ್ರಿಯ ಪಾಸ್ಕ ಪೂಜೆಗೆ ಬಟ್ಟೆ ಬದಲಿಸಲು ಚರ್ಚಿನ ಬೀರು ತೆಗೆದೆ. ಪಾಸ್ಕದ ಬಿಳಿ ಬಟ್ಟೆ ಮೇಲೇ ಇತ್ತು. ಕೈ ಮುಂದೆ ಹೋಗಲಿಲ್ಲ. ಇದನ್ನು ನಾನು ಬಿಡಿಸಿದರೆ ಆಸ್ಪತ್ರೆಯಿಂದ ಫೋನು ಬರುತ್ತದೆ ಅನ್ನಿಸಿಬಿಟ್ಟಿತು. ಇಂಥ ನಂಬಿಕೆಗಳನ್ನು ಗೇಲಿ ಮಾಡುವವಳೇ ನಾನು. ಆದರೂ ಹಸಿರು ಬಟ್ಟೆ ತೆಗೆದು ಇಳಿಬಿಟ್ಟೆ. ದೇವರಿಗೆ ಯಾವ ಬಣ್ಣವಾದರೇನು ಎಂದು ನನಗೆ ನಾನೇ ಹೇಳಿಕೊಂಡೆ.

ಹೂವು ತಂದ ಅತ್ತೆ ಬಾಗಿಲಲ್ಲೇ ನಿಂತರು.

“ಹಸಿರ್ಯಾಕವ್ವ ಹಾಕಿದಿ?”

“ಬಿಳೇದು ಮುಟ್ಟಾಕೆ ಹೆದ್ರಿಕೆ ಆಗ್ತೈತೆ ಅತ್ತೆ.”

ಬೈಯುತ್ತಾರೆ ಅಂದುಕೊಂಡೆ. “ನೀನು ಹೊರಗೆ ಕುಂತ್ಕ ಹೋಗು” ಎಂದರು, ಅಷ್ಟೆ. ಮಂಡಿ ಮಡಚಲಾಗದ ಹೆಂಗಸು ನೆಲ ಹಿಡಿದು ಕುಳಿತು, ಹಸಿರನ್ನು ಬಿಚ್ಚಿ, ಬಿಳಿಯನ್ನು ಕಟ್ಟುವುದನ್ನು ಕಿಟಕಿಯಿಂದ ನೋಡಿದೆ. ಹೆದರಿಕೆಯ ಜೊತೆಗೆ ಸಿಟ್ಟೂ ಬಂತು. ಹೆತ್ತ ಮಗ ಸಾವು ಬದುಕಿನ ನಡುವೆ ಇರುವಾಗ ಈಕೆಗೆ ಹಬ್ಬದ ಬಣ್ಣವೇ ಹೆಚ್ಚಾಯಿತೆ? ಅವರಿಗೆ ಕಾಯದೆ ಒಬ್ಬಳೇ ಮನೆಗೆ ನಡೆದೆ.

ಭಾನುವಾರ ಸಂಜೆ ಮೈದುನನ ಫೋನು ಬಂತು. ಗಂಡ ಕಣ್ಣು ಬಿಟ್ಟು ನೀರು ಕೇಳಿದನಂತೆ. ಅತ್ತು ಮುಗಿದ ಮೇಲೆ ಅತ್ತೆಯನ್ನು ಕೇಳಿಯೇಬಿಟ್ಟೆ.

“ನಿಮಗೆ ಹೆದ್ರಿಕೇನೇ ಆಗ್ಲಿಲ್ವ?”

“ಆಗ್ದೆ ಇರ್ತೈತಾ? ಗಂಟೇ ಕಟ್ಟಾಕಾಗ್ತಿರ್ಲಿಲ್ಲ” ಎಂದರು. “ನಿನ್ನ ಕೈಲೇ ಹಾಕ್ಸಿ ಅವನಿಗೆ ಏನಾನ ಆಗಿದ್ರೆ, ಬಿಳೇದು ಹಾಕಿದ್ದು ನಾನೇ ಅಂತ ನೀನು ಸಾಯೋಗಂಟ ಕೊರಗ್ತಿದ್ದೆ. ಅದಕ್ಕೇ ಹೊರಗೆ ಕಳಿಸ್ದೆ. ನಾನು ಹಾಕಿದ್ರೆ ನನ್ನನ್ನ ಬೈಕಂಡಾದ್ರೂ ನೀನು ಇರ್ತಿದ್ದೆ.”