ಸಮುದ್ರದಡಿಯ ಟಗರು

ಬೀದರ ಕಡೆಯ ನಮ್ಮೂರು ಡಾಬಕಾದ ಬಾವಿಗಳೆಲ್ಲ ಬತ್ತಿದ ವರ್ಷ ನನ್ನ ಸೋದರತ್ತೆಯ ಮಗ ಧೊಂಡಿಬಾ ಮೀನು ಕಾಯುವ ಕೆಲಸ ಹಿಡಿದ. ನಗಬೇಡಿ, ನಗುವಷ್ಟನ್ನು ನಾವೇ ನಕ್ಕು ಮುಗಿಸಿದ್ದೇವೆ. ೨೦೧೬ರ ಆ ಬರದಲ್ಲಿ ಮೇವಿಲ್ಲದೆ ಕುರಿಗಳನ್ನೆಲ್ಲ ಭಾಲ್ಕಿ ಸಂತೆಗೆ ಹೊಡೆದು ಮಾರಿ ಬಂದಿದ್ದ. ಅವನ ತಾಯಿ ಸುಭದ್ರಾಬಾಯಿ ನೌಬಾದದ ನಮ್ಮ ಮನೆಗೆ ಬಂದು ಕುಳಿತು, ನಿಮ್ಮ ಚಹಾ ಬರೀ ನೀರು ಎಂದು ದಿನಾ ಗೊಣಗುತ್ತಿದ್ದಳು. ಒಂದೇ ಒಂದು ಕುರಿ ಕಳೆದುಕೊಂಡು ಬಂದರೂ ಮಗನಿಗೆ ಬಾಗಿಲು ತೆರೆಯದ ಹೆಂಗಸು ಅವಳು.

ಧೊಂಡಿಬಾ ಹೋದದ್ದು ಮುರ್ಡೇಶ್ವರಕ್ಕೆ. ಭಾಲ್ಕಿಯ ಮುಜೀಬೋದ್ದೀನ ಅಲ್ಲಿ ಜನರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಸಮುದ್ರದಡಿಯ ಬಂಡೆಗಳಲ್ಲಿ ಮೀನು ತೋರಿಸುವ ಧಂದೆ ನಡೆಸುತ್ತಿದ್ದ. ನಮ್ಮಲ್ಲಿ ಕುಡಿಯಲು ನೀರಿಲ್ಲ, ಅಲ್ಲಿ ನೀರಿನೊಳಗೆ ಹೋಗಲು ಜನ ಟಿಕೆಟ್ ಕೊಳ್ಳುತ್ತಾರೆ.

ಬಾವಿಯಲ್ಲಿ ನೀರಿದ್ದಾಗ ಈಜು ಕಲಿತಿದ್ದ ಧೊಂಡಿಬಾ ಬೇಗ ಪಳಗಿ ಗೈಡ್ ಆದ. ಮೀನುಗಳ ಗುರುತು ಕಲಿಯಲು ಕೊಟ್ಟ ಚಿತ್ರಪಟ ಮಾತ್ರ ತಲೆಗೆ ಹತ್ತಲಿಲ್ಲ. ಬಣ್ಣ ಹಚ್ಚಿದ್ದಾರೆ, ನಡಿಗೆ ಎಲ್ಲಿದೆ ಎಂದು ಅವನ ತಕರಾರು. ಕೊನೆಗೆ ಕುರಿಗಳಂತೆಯೇ ಗುರುತು ಹಿಡಿಯತೊಡಗಿದ. ಕಲ್ಲು ಕೆರೆದು ಮೇಯುವುದು ಗಿಳಿಮೀನು, ಜೋಡಿ ಬಿಡದೆ ತಿರುಗುವುದು ಚಿಟ್ಟೆಮೀನು.

ಅವನಿಗೆ ಹುಚ್ಚು ಹಿಡಿಸಿದ್ದು ಬೆರಳುದ್ದದ ಒಂದು ಮೀನು. ನೀಲಿ ಮೈ, ಕರಿ ಪಟ್ಟಿ. ದೊಡ್ಡ ಮೀನುಗಳ ಬಾಯೊಳಗೇ ಹೋಗಿ ಹಲ್ಲು ಸ್ವಚ್ಛ ಮಾಡಿ ಬರುತ್ತದೆ. ಗುಂಪಿಗೆ ಗಂಡು ಒಂದೇ, ಉಳಿದವೆಲ್ಲ ಹೆಣ್ಣು, ಅಂದರೆ ಹಿಂಡಿಗೊಂದು ಟಗರು. ಆ ಗಂಡಿನ ಬಾಲದಲ್ಲಿ ಒಂದು ಕಚ್ಚು ಬೇರೆ ಇತ್ತು, ನಮ್ಮವರು ಗುರುತಿಗೆ ಕುರಿಯ ಕಿವಿಗೆ ಹಾಕುವಂಥದ್ದು. ಧೊಂಡಿಬಾ ಅದನ್ನು ತನ್ನದೇ ಎಂದುಕೊಂಡ.

ಒಂದು ಮಧ್ಯಾಹ್ನ ಟಗರು ಕಾಣಲಿಲ್ಲ. ಬಂದವರನ್ನು ದೋಣಿ ಹತ್ತಿಸಿ ಇವನು ಮತ್ತೆ ಮುಳುಗಿದ. ಗಾಳಿ ತೋರಿಸುವ ಮುಳ್ಳು ಕೆಂಪಿಗೆ ಬಂದರೂ ಸಂದಿಗೊಂದಿ ಹುಡುಕುತ್ತಲೇ ಇದ್ದ. ಮುಜೀಬೋದ್ದೀನನೇ ಇಳಿದು ರಟ್ಟೆ ಹಿಡಿದು ಮೇಲೆ ತಂದ.

"ಇನ್ನೊಮ್ಮೆ ಹಿಂಗ ಮಾಡಿದ್ರ ಬೀದರ ಬಸ್ ಹತ್ತಸ್ತೇನಿ ನೋಡು. ನಿಮ್ಮವ್ವಗ ನಾ ಏನ್ ಜವಾಬ್ ಕೊಡ್ಲಿ?" ಎಂದ.

ಮುಂದಿನ ವಾರ ನೋಡಿದರೆ, ಗುಂಪಿನ ದೊಡ್ಡ ಹೆಣ್ಣೇ ಟಗರಿನ ಠೀವಿಯಲ್ಲಿ ಉಳಿದವನ್ನು ಅಟ್ಟಿಕೊಂಡು ತಿರುಗುತ್ತಿತ್ತು. ಗಂಡು ಹೋದರೆ ಈ ಜಾತಿಯಲ್ಲಿ ಹೆಣ್ಣೇ ಗಂಡಾಗುತ್ತದೆ ಎಂದ ಮುಜೀಬೋದ್ದೀನ. ತನ್ನನ್ನು ಗೇಲಿ ಮಾಡುತ್ತಿದ್ದಾನೆಂದು ದೂರಲು ಧೊಂಡಿಬಾ ತಾಯಿಗೆ ಫೋನ್ ಹಚ್ಚಿದ. ಗಾಳಿ ತೀರುವ ತನಕ ಹುಡುಕಿದ್ದನ್ನೂ ಹೇಳಿದ. ಫೋನಿನ ಸ್ಪೀಕರ್ ಹಾಕಿ ಕೇಳುತ್ತಿದ್ದ ನಾವು ಹೆಣ್ಣು ಗಂಡಾದ ಕಥೆಗೆ ಬಿದ್ದು ಬಿದ್ದು ನಕ್ಕೆವು.

"ಅದರಾಗ ನಗೋದೇನದ?" ಎಂದಳು ಅತ್ತೆ ನಮಗೆ. ಆಮೇಲೆ ಫೋನಿನಲ್ಲಿ ಮಗನಿಗೆ, "ನಿಮ್ಮಪ್ಪ ಹೋದ ಮ್ಯಾಲ ಕಂಬಳಿ ಹೊತ್ತು ಕುರಿ ಹಿಂದ ತಿರುಗಿದಾಕಿ ಯಾರು? ನಾ ಅಲ್ಲೇನು?"

ನಮ್ಮ ನಗು ನಿಂತಿತು.

"ಕೇಳು ಇಲ್ಲಿ," ಎಂದಳು. "ಟಗರು ತಪ್ಪಿದ್ರ ತಪ್ಪಲಿ. ಗಾಳಿ ಇರೋದ್ರಾಗ ನೀ ಮ್ಯಾಲ ಬಾ."

ಫೋನ್ ನನ್ನ ಕೈಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮ ಚಹಾವನ್ನು ಬೈದಳು.