ಗೋಡೆ ತೋರಿಸುತ್ತಿದ್ದ ಶಿವಮಲ್ಲು

ಶಿವಮಲ್ಲು ನಂಜನಗೂಡಿನ ಬಜಾರಿನಲ್ಲಿ ಹಿಮ್ಮುಖವಾಗಿ ನಡೆಯುತ್ತಿದ್ದರು. ಜೊತೆಗೆ ಬಂದ ಹತ್ತು ಜನರ ಮುಖವನ್ನೂ ನೋಡುತ್ತ, ಮಾತು ನಿಲ್ಲಿಸದೆ, ಬಾಳೆಮಂಡಿಯಿಂದ ಸೈಕಲ್ ಅಂಗಡಿಗಳ ಸಾಲಿನವರೆಗೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವರು. "ಇಂದ್ಗಡೆ ಎಮ್ಮೆ, ಶಿವಮಲ್ಲಣ್ಣೋ" ಎಂದು ಹೂವಿನಂಗಡಿಯಾಕೆ ಕೂಗಿದರೆ, ತಿರುಗಿ ನೋಡದೆಯೇ ಒಂದು ಹೆಜ್ಜೆ ಎಡಕ್ಕೆ ಸರಿಯುವರು. ಎಮ್ಮೆ ತನ್ನ ಪಾಡಿಗೆ ಹೋಗುವುದು, ಮಾತು ಅದರ ಪಾಡಿಗೆ ಮುಂದುವರಿಯುವುದು. ಅರವತ್ತೆಂಟು ದಾಟಿದ ಮನುಷ್ಯ.

"ಮುಂದೆ ನೋಡ್ಕೊಂಡು ನಡೀರಿ, ಎಲ್ಲಾದರೂ ಬಿದ್ದೀರಿ" ಎಂದು ಒಮ್ಮೆ ಗದರಿದೆ.

"ನಲವತ್ತೊರ್ಸ ಗೋಡೆಗ್ ಮುಖ ಕೊಟ್ಟು, ರೋಡ್ಗೆ ಬೆನ್ ಕೊಟ್ಟು ನಿಂತಿದ್ದೋನು ನಾನು, ಟೀಚ್ರಮ್ಮ. ಈ ರೋಡು ನನ್ ಕಣ್ಗಿಂತ ಬೆನ್ಗೇ ಚೆಂದಾಗ್ ಗುರ್ತು" ಎಂದರು.

ಅವರು ಬೋರ್ಡು ಬರೆಯುವ ಪೇಂಟರ್ ಆಗಿದ್ದವರು. ನಾನು ಟಿ. ನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಬಸ್ಸಿನಲ್ಲಿ ಓಡಾಡುವಾಗ ನಂಜನಗೂಡಿನ ಒಂದು ಬಾಳೆಮಂಡಿಯ ಗೋಡೆಯ ಮೇಲಿನ ಅಕ್ಷರಗಳು ನನ್ನನ್ನು ಹಿಡಿದು ನಿಲ್ಲಿಸಿದ್ದವು. ಬಣ್ಣ ಅರ್ಧ ಉದುರಿತ್ತು. ಆದರೂ 'ಳೆ' ಎಂಬ ಅಕ್ಷರ ಹೊಟ್ಟೆ ತುಂಬ ಉಂಡು ಕಾಲು ಚಾಚಿ ಕೂತವರ ಹಾಗೆ ನೆಮ್ಮದಿಯಾಗಿತ್ತು. ಮಕ್ಕಳಿಗೆ ತೋರಿಸಬೇಕೆನಿಸಿ ಒಂದು ದಿನ ಇಳಿದು, ಬರೆದವರು ಯಾರೆಂದು ಕೇಳಿದೆ. ಮಂಡಿಯವರು ಎದುರಿನ ಟೀ ಅಂಗಡಿಯ ಬೆಂಚನ್ನು ತೋರಿಸಿದರು. ಬಿಳಿ ಅಂಗಿ, ಮಡಿಸಿ ಕಟ್ಟಿದ ಪಂಚೆ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ನೀಲಿ.

"ಬೀದಿಲಿದ್ದದ್ದೆಲ್ಲ ಓಯ್ತು ತಾಯಿ. ಫ್ಲೆಕ್ಸು ಬಂದು ಎಲ್ಲಾರ್ ಬಾಯಿ ಮುಚ್ಚುಸ್ತು. ನನ್ ಕೆಲ್ಸ ನೋಡ್ಬೇಕು ಅಂದ್ರೆ ಈಗ ಬಾರ್‌ಗೇ ಬರ್ಬೇಕು. ಬತ್ತೀರಾ?"

ಕಿಚಾಯಿಸುವುದಕ್ಕೆ ಕೇಳಿದ್ದೋ ಏನೋ. ಆದರೆ ಮಾತು ನಿಜ. ಹಿಂದೆಲ್ಲ ಸಣ್ಣ ಬಾರು ತೆರೆದವರು ಒಳಗೋಡೆಗೆ ಒಂದು ಜಲಪಾತವನ್ನೋ ಹಂಸವನ್ನೋ ಬರೆಸದೆ ಪೂಜೆ ಮಾಡುತ್ತಿರಲಿಲ್ಲವಂತೆ. ಬಿಸಿಲು ಮಳೆ ತಾಗದ್ದರಿಂದ ಅವು ಉಳಿದುಕೊಂಡಿದ್ದವು. ಬೀಡಿ ಹೊಗೆ ಕುಡಿದು ಸ್ವಲ್ಪ ಹಳದಿಯಾಗಿದ್ದವು, ಅಷ್ಟೆ.

ಇದನ್ನೆಲ್ಲ ನನ್ನ ಚಿಕ್ಕಮ್ಮನ ಮಗಳು ಸುಮಾಳಿಗೆ ಹೇಳಿದೆ. ಅವಳು ಮೈಸೂರಿನಲ್ಲಿ ಹೊರಗಿನಿಂದ ಬಂದವರನ್ನು ನಡೆಸಿಕೊಂಡು ಊರು ತೋರಿಸುವ ಕೆಲಸ ಮಾಡುತ್ತಾಳೆ. ಕೇಳಿದವಳೇ ಕುಣಿದಾಡಿದಳು. ಪ್ರತಿ ಶನಿವಾರ ಸಂಜೆ ಐದಕ್ಕೆ ನಂಜನಗೂಡಿನ ಗೋಡೆಗಳು ಮತ್ತು ಸಣ್ಣ ಬಾರುಗಳು, ಕರೆದೊಯ್ಯುವವರು ಪೇಂಟರ್ ಶಿವಮಲ್ಲು ಎಂದು ಫೋನಿನಲ್ಲಿ ಊರಿಗೆಲ್ಲ ಸಾರಿದಳು. ಶಿವಮಲ್ಲು ನಂಬಲಿಲ್ಲ. "ಗೋಡೆ ನೋಡಕ್ಕೆ ಜನ ಬಸ್ ಅತ್ಕೊಂಡ್ ಬತ್ತಾರಾ? ಅವ್ರ ಮನೇಲ್ ಗೋಡೆ ಇಲ್ವಾ?"

ಮೊದಲ ಶನಿವಾರ ಸುಮಾ, ಅವಳ ಇಬ್ಬರು ಗೆಳತಿಯರು, ನಾನು. ನಾಲ್ವರೂ ಹೆಂಗಸರೇ. ಬಾರ್ ಬಾಗಿಲಲ್ಲಿ ನನ್ನ ಕಾಲು ತಡೆಯಿತು. ಗಲ್ಲಾದ ಮೇಲಿದ್ದ ನಾಗರಾಜು ಎದ್ದು ನಿಂತು, "ಶಿವಮಲ್ಲಣ್ಣ, ಇಲ್ಲಿ ಫ್ಯಾಮಿಲಿ ರೂಮ್ ಇಲ್ವಲ್ಲ" ಎಂದು ಒದ್ದಾಡಿದ.

"ಇವ್ರು ಕುಡಿಯಕ್ ಬಂದಿಲ್ಲ ಕಣಪ್ಪ, ಉಲಿ ನೋಡಕ್ ಬಂದವ್ರೆ" ಎಂದರು ಶಿವಮಲ್ಲು. ಅವರ ಬಾಯಲ್ಲಿ ಹುಲಿ ಯಾವತ್ತೂ 'ಉಲಿ'. ಹಿಂದೆಯೇ ಸುಮಾ, "ಕುಡಿಯೋಕೂ ಬಂದಿದ್ದೀವಿ" ಎಂದಳು.

ಒಳಗಿದ್ದವರೆಲ್ಲ ಎತ್ತಿಕಟ್ಟಿದ್ದ ಲುಂಗಿ ಇಳಿಬಿಟ್ಟು ಎದ್ದು ನಿಂತರು, ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಾಗೆ. ಒಬ್ಬರು ತಮ್ಮ ಟವಲಿನಿಂದಲೇ ಮೇಜು ಒರೆಸಿಕೊಟ್ಟರು. ಮೂಲೆಯಿಂದ "ಮಿಸ್!" ಎಂಬ ನಡುಗುವ ದನಿ. ಹತ್ತು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದ ಮೂಗೂರಿನ ಮಹೇಶ. ಈಗ ವೈರಿಂಗ್ ಕೆಲಸದವನು, ಎರಡು ಮಕ್ಕಳ ತಂದೆ. ಲೋಟವನ್ನು ಬೆನ್ನ ಹಿಂದೆ ಹಿಡಿದು, "ಜ್ಯೂಸು ಮಿಸ್" ಎಂದ. "ಕೂತ್ಕೊಂಡು ಕುಡಿಯಪ್ಪ, ಚೆಲ್ತಾ ಇದೆ" ಎಂದೆ. ಇಡೀ ಬಾರು ನಕ್ಕಿತು. ಆ ನಗುವಿನಲ್ಲಿ ನನ್ನ ಹೆದರಿಕೆಯೂ ಹೋಯಿತು.

ಆಮೇಲೆ ಹುಲಿ. ಗೋಡೆ ಪೂರ್ತಿ ಮೈ ಚಾಚಿ ಮಲಗಿದ ಅದರ ಮುಖದಲ್ಲಿ ಎಲ್ಲೂ ಕ್ರೌರ್ಯವಿಲ್ಲ. "ಮೊದ್ಲು ಬಾಯ್ ತೆಗ್ದಿರೋ ಉಲಿ ಬರ್ದಿದ್ದು. ಇವ್ರಪ್ಪ ನೋಡ್ದ. ಗಿರಾಕಿ ಎದ್ರುಕೊಂಡು ಒಂದೇ ಲೋಟಕ್ಕೆ ಎದ್ದೋಯ್ತಾರೆ, ನಗ್ಸು ಅಂದ. ಉಲಿ ನಗೋದು ಯಾರ್ ಕಂಡವ್ರೆ? ಕೊನೆಗೆ ಇವ್ರಪ್ಪನ್ ಮುಖಾನೇ ನೋಡ್ಕೊಂಡು ಬರ್ದಿದ್ದು." ನಾವು ನಾಗರಾಜುವನ್ನು ನೋಡಿದೆವು, ಹುಲಿಯನ್ನು ನೋಡಿದೆವು. ಅದೇ ದುಂಡು ಕಣ್ಣು, ಅದೇ ಮೊಂಡು ಮೂಗು. ನಾಗರಾಜು ನಾಚಿಕೊಂಡು ಎಲ್ಲರಿಗೂ ಮೊಟ್ಟೆ ಬೋಂಡಾ ಕಳಿಸಿದ.

"ಯಾರು ಬರೆದದ್ದು? ನೀವೇನಾ?" ಎಂದು ಸುಮಾ ಕೇಳಿದಳು.

"ನಾನೆಲ್ಲಿ ಬರ್ಯಕ್ಕಾದದು? ಇದು ಉಲ್ಲಳ್ಳಿ ಚೆಲುವಯ್ಯಂದು. ಏಳ್ತೀನಿ ಕೇಳಿ, ಅಂಥ ಕೈ ಈ ತಾಲ್ಲೂಕಲ್ಲೇ ಇಲ್ಲ."

ಸುಮಾ 'ವಾಕು' ಎನ್ನುತ್ತಿದ್ದ ಈ ನಡಿಗೆ ಊರಿಗೆ ಒಗ್ಗಿಕೊಂಡಿತು. ಒಂದೊಂದು ಬಾರಿನಲ್ಲಿ ಒಂದೇ ಲೋಟ, ಅದೂ ಗೋಡೆ ನೋಡಿದ ಮೇಲೆ. ಹೀಗೆ ನಾಲ್ಕು ಬಾರು, ಎಂಟು ಗಂಟೆಗೆ ಮುಕ್ತಾಯ. ಎರಡನೇ ಲೋಟ ಕೇಳಿದವರಿಗೆ, "ಇನ್ನೂ ಮೂರ್ ಚಿತ್ರ ಅದೆ ಸಾ, ಕಣ್ ಉಳ್ಸ್ಕಳಿ" ಎನ್ನುವರು ಶಿವಮಲ್ಲು. ತಾವು ಮಾತ್ರ ಉಪ್ಪು ನಿಂಬೆ ಹಾಕಿದ ಸೋಡಾ. ಕ್ಷೌರದಂಗಡಿಯ ಬಾಗಿಲ ಮೇಲಿನ ಕ್ರಾಪಿನ ತಲೆಗಳು, ದರ್ಜಿಯ ಗೋಡೆಯಲ್ಲಿ ಕೋಟು ತೊಟ್ಟು ನಿಂತ ಕುತ್ತಿಗೆಯಿಲ್ಲದ ಗಂಡಸು, ಗೊಬ್ಬರದಂಗಡಿಯ ಕಬ್ಬಿನ ಜಲ್ಲೆಗಿಂತ ಸಣ್ಣಗಿರುವ ರೈತ, ಎಲ್ಲಕ್ಕೂ ಅವರ ಬಳಿ ಒಂದೊಂದು ಕಥೆ. ನಿಂತು ನೋಡಲು ಬಿಡುತ್ತಿರಲಿಲ್ಲ, ಅಷ್ಟು ಮಾತು. ಕುತ್ತಿಗೆ ಯಾಕಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಟೈಲರಪ್ಪಂಗೆ ಕಾಲರ್ ಕಾಣ್ಬೇಕಿತ್ತು, ಕತ್ತಲ್ಲ" ಎಂದಿದ್ದರು. ತಿಂಗಳ ಎರಡನೇ ಶನಿವಾರ ಇದೇ ನಡಿಗೆ ನಮ್ಮ ನರಸೀಪುರದಲ್ಲಿ.

ಆದರೆ ಚೆನ್ನಾಗಿದ್ದ ಚಿತ್ರವೆಲ್ಲ ಚೆಲುವಯ್ಯನದು. ಹಂಸ ಚೆಲುವಯ್ಯನದು, ಜಲಪಾತ ಚೆಲುವಯ್ಯನದು. ಸೊಟ್ಟಗಿರುವ ಆನೆ ಬಂದರೆ ಮಾತ್ರ, "ಇದು ನಂದು" ಎಂದು ಎದೆ ತಟ್ಟಿಕೊಳ್ಳುವರು. ಒಂದು ವರ್ಷ ಇದನ್ನೇ ಕೇಳಿದ ಮೇಲೆ ನನಗೆ ಆ ಚೆಲುವಯ್ಯನನ್ನು ನೋಡುವ ಆಸೆಯಾಯಿತು. ಒಂದು ಭಾನುವಾರ ಹುಲ್ಲಹಳ್ಳಿಯ ಬಸ್ಸು ಹತ್ತಿದೆ.

ನಾಲೆಯ ಪಕ್ಕದ ಬೀದಿಯಲ್ಲಿ ಚೆಲುವಯ್ಯನವರ ಮಗನ ಮನೆ. ಜಗಲಿಯ ಮೇಲೆ ತೆಳ್ಳಗಿನ, ಗಂಭೀರ ಮುಖದ ಮನುಷ್ಯ ಕುಳಿತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಐದು ವರ್ಷದ ಹಿಂದೆ ಲಕ್ವ ಹೊಡೆದು ಕೈ ಹೋಗಿತ್ತು. ಇಬ್ಬರೂ ಒಂದೇ ಏಣಿಯ ಮೇಲೆ ಕೆಲಸ ಕಲಿತವರಂತೆ. ಶಿವಮಲ್ಲು ತಿಂಗಳಿಗೊಮ್ಮೆ ಬಂದು ಮಾತಾಡಿಸಿ ಹೋಗುತ್ತಾರಂತೆ. ಆದರೆ ಈ ವಾಕಿನ ವಿಷಯ ಒಂದಕ್ಷರವೂ ಹೇಳಿರಲಿಲ್ಲ! ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಶಿವಮಲ್ಲುವಿಗೆ ಖುಷಿಯಾಗಲಿ ಎಂದುಕೊಂಡು, ಹೇಳದೆ ಕೇಳದೆ, ಮುಂದಿನ ಶನಿವಾರ ನರಸೀಪುರಕ್ಕೆ ಬನ್ನಿ ಎಂದು ಚೆಲುವಯ್ಯನವರನ್ನು ಒಪ್ಪಿಸಿಬಂದೆ.

ನರಸೀಪುರದಲ್ಲಿ ಹೊಳೆಯ ಕಡೆ ಹೋಗುವ ದಾರಿಯ ಬಾರಿನಲ್ಲಿ ಸಂಗಮದ ದೊಡ್ಡ ಚಿತ್ರವಿದೆ. ಕೆಂಚಗೆ ಒಂದು ನದಿ, ನೀಲಿಗೆ ಇನ್ನೊಂದು, ಕೂಡುವಲ್ಲಿ ಒಂದು ತೆಪ್ಪ. ಕೆಳಗೆ ದಪ್ಪ ಅಕ್ಷರದಲ್ಲಿ 'ಜಗಳ ಆಡುವವರು ಹೊರಗೆ ಆಡಿ' ಎಂದು ಬರೆದಿದೆ. ಅಂದು ಚೆಲುವಯ್ಯ ಮೊದಲೇ ಬಂದು ಹಿಂದಿನ ಮೇಜಿನಲ್ಲಿ ಕುಳಿತಿದ್ದರು. ಶಿವಮಲ್ಲು ಹಿಮ್ಮುಖವಾಗಿಯೇ ಒಳಗೆ ಬಂದರು, ಹಾಗಾಗಿ ನೋಡಲಿಲ್ಲ. ಚಿತ್ರದ ಕೆಳಗೆ ನಿಂತು ಶುರು ಮಾಡಿದರು.

"ನೋಡಿ ಸಾ. ಇದ್ರಲ್ಲಿ ಒಂದ್ ಗೆರೆನೂ ನಂದಲ್ಲ. ನೀರೂ ಚೆಲುವಯ್ಯಂದೇ, ಅಕ್ಷರಾನೂ ಚೆಲುವಯ್ಯಂದೇ..."

"ಲೇ, ಸುಳ್ಳ!"

ಎಲ್ಲರೂ ತಿರುಗಿದರು. ಚೆಲುವಯ್ಯ ಎದ್ದು ನಿಂತಿದ್ದರು. "ಆ 'ಳ' ನೋಡುದ್ರೆ ಗೊತ್ತಾಗಕಿಲ್ವಾ? ಅದು ನಿಂದು ಕಣ್ಲಾ! ಆ ನೀರೂ ನಿಂದು. ನಾನ್ ಈ ಗೋಡೆನ ಮುಟ್ಟೂ ಇಲ್ಲ."

ಶಿವಮಲ್ಲು ಮೊದಲು ಗೋಡೆಯ ಕಡೆ ನೋಡಿದರು. ಆಮೇಲೆ, "ಚೆಲ್ವ, ಮರ್ತಿದ್ದೀಯೆ, ನಿಂದೇ ಇದು" ಎಂದರು. ನಿಂದು, ಇಲ್ಲ ನಿಂದು, ಎಂದು ಶುರುವಾಯಿತು. ತನ್ನದಲ್ಲ ಎಂದು ಜಗಳವಾಡುವ ಕಲಾವಿದರನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಬಾರಿನ ಮಾಲೀಕರು ಗೋಡೆಯ ಮೇಲಿನ ಬರಹ ತೋರಿಸಿ, "ಓದ್ರಪ್ಪ, ನೀವೇ ಬರ್ದಿರೋದು" ಎಂದು ಕೈಮುಗಿದರು. ನಾವೆಲ್ಲ ನಗುತ್ತಿದ್ದೆವು. ಅಷ್ಟರಲ್ಲಿ ಚೆಲುವಯ್ಯನವರ ದನಿ ಒಡೆಯಿತು.

"ನನ್ ಕೈ ಬಿದ್ದೋಯ್ತು ಅಂತ ಧರ್ಮಕ್ಕೆ ಎಸ್ರು ಕೊಡ್ತಿದ್ದೀಯೇನ್ಲಾ? ನನ್ಗೆ ಬ್ಯಾಡ ನಿನ್ ಭಿಕ್ಷೆ."

ನಗು ನಿಂತುಹೋಯಿತು. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವರನ್ನು ಕರೆತಂದವಳು ನಾನೇ ತಾನೆ. ಶಿವಮಲ್ಲು ಒಂದು ಕುರ್ಚಿ ಎಳೆದುಕೊಂಡು ಕುಳಿತರು.

"ಭಿಕ್ಷೆ ಅಲ್ಲ ಕಣ್ಲಾ" ಎಂದರು. "ನೀನ್ ಬರ್ದಿದ್ದೆಲ್ಲಾ ಬೀದಿ ಗೋಡೆ ಮ್ಯಾಲೆ. ಊರೂರಲ್ಲಿ ಬುದ್ಧನ್ನ ಬರ್ದೆ, ಸ್ಕೂಲ್ ಗೋಡೆ ಬರ್ದೆ. ಮಳೆ ತಿಂತು, ಬಿಸ್ಲು ತಿಂತು, ಮಿಕ್ಕಿದ್ದ ಸುಣ್ಣ ತಿಂತು. ನಂದು ಬಾರೊಳ್ಗಿತ್ತು, ಉಳ್ಕೊತು. ಅಷ್ಟೇಯ. ದೊಡ್ಡ ಕೈ ನಿಂದು, ಉಳ್ದಿರೋದು ನಂದು. ಜನ ಬಂದು ಕೇಳ್ತಾರೆ. ಏನ್ ತೋರ್ಸಿ ಏಳ್ಲಿ ನಿನ್ನೆಸ್ರ? ನಿನ್ನೆಸ್ರು ಏಳ್ದೆ ಈ ಬೀದಿಲಿ ನಾ ಎಂಗ್ಲಾ ನಡೀಲಿ?"

ಚೆಲುವಯ್ಯ ನಿಧಾನವಾಗಿ ಗೋಡೆಯ ಹತ್ತಿರ ಬಂದು ಚಿತ್ರವನ್ನು ಮೇಲಿಂದ ಕೆಳಗೆ ನೋಡಿದರು. ಮೂಗಿನ ತುದಿ ಕೆಂಪಗಾಗಿತ್ತು.

"ಸರಿ ಕಣಪ್ಪ. ಅಂಗಂತ ಈ ತೆಪ್ಪನೂ ನನ್ ತಲೆಗ್ ಕಟ್ಬುಡದಾ? ಇದ್ರಲ್ ಕೂತೋನು ಆಚೆ ದಡ ಸೇರ್ತಾನೇನ್ಲಾ? ನೋಡು, ನೀರೊಳ್ಗೇ ಅರ್ಧ ಅದೆ!"

ಮೊದಲು ನಕ್ಕವರು ಶಿವಮಲ್ಲು. ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಇಡೀ ಬಾರು. ಅಂದು ಮಾತ್ರ ಎರಡನೇ ಲೋಟಕ್ಕೆ ಯಾರೂ ಅಡ್ಡಿ ಮಾಡಲಿಲ್ಲ.

ಮುಂದಿನ ಶನಿವಾರದಿಂದ ಇಬ್ಬರೂ ಜೊತೆ. ಹುಲ್ಲಹಳ್ಳಿ ಬಸ್ಸು ತಡವಾದರೆ ನಡಿಗೆಯೂ ತಡ. ಶಿವಮಲ್ಲುವೇ ಒಂದು ಹೊಸ ಪದ್ಧತಿ ಮಾಡಿದರು. ಬರೀ ಸುಣ್ಣ ಹೊಡೆದ ಗೋಡೆಯ ಮುಂದೆ, ಅಂಗಡಿಯ ಶಟರಿನ ಮುಂದೆ, ಫ್ಲೆಕ್ಸಿನ ಮುಂದೆ ಜನರನ್ನು ನಿಲ್ಲಿಸುವರು. "ಏಳ್ಲಾ ಚೆಲ್ವ, ಇಲ್ಲೇನಿತ್ತು?" ಚೆಲುವಯ್ಯ ಸಂಕೋಚದಿಂದ ಎಡಗೈ ಎತ್ತಿ ಗಾಳಿಯಲ್ಲಿ ತೋರಿಸುವರು. ಇಲ್ಲಿ ಬುದ್ಧನ ಹಣೆ, ಇಲ್ಲಿ ರೆಪ್ಪೆ, ಬೆಳಗಿನ ಬಿಸಿಲು ಬಿದ್ದಾಗ ಕೆನ್ನೆಯ ಈ ಭಾಗ ಹೀಗೆ ಹೊಳೆಯುತ್ತಿತ್ತು. ಬಂದವರು ಬರಿ ಗೋಡೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ನಡಿಗೆ ಮುಗಿದ ಮೇಲೆ ಏನು ಇಷ್ಟವಾಯಿತೆಂದು ಸುಮಾ ಕೇಳಿದರೆ, ಹೆಚ್ಚಿನವರು ಆ ಇಲ್ಲದ ಗೋಡೆಗಳನ್ನೇ ಹೇಳುತ್ತಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಕಳೆದ ಚಳಿಗಾಲದ ಒಂದು ಶನಿವಾರ ಶಿವಮಲ್ಲು ನನ್ನನ್ನು ನರಸೀಪುರದ ಬಸ್ಸಿಗೆ ಹತ್ತಿಸಿ, ಕಿಟಕಿಯ ಬಳಿ ಬಂದು, ಸೋಸಲೆಯಲ್ಲೊಂದು ಹಳೇ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ನವಿಲು ಇನ್ನೂ ಉಳಿದಿದೆಯಂತೆ, ನೋಡಿಕೊಂಡು ಬರೋಣ ಎಂದರು. ಬಸ್ಸು ಹೊರಟರೂ ಇನ್ನೂ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಬುಧವಾರ ಊಟ ಮಾಡಿ ಮಲಗಿದವರು ಮತ್ತೆ ಏಳಲೇ ಇಲ್ಲವೆಂದು ನಾಗರಾಜು ಫೋನ್ ಮಾಡಿದ.

ಆ ಶನಿವಾರ ಬರುವವರಿಗೆಲ್ಲ ಬೇಡವೆಂದು ಸುಮಾ ತಿಳಿಸಿದ್ದಳು. ಆದರೂ ಸುದ್ದಿ ತಲುಪದ ಆರು ಮಂದಿ ಬಂದುಬಿಟ್ಟಿದ್ದರು. ಅವರಿಗೆ ಹೇಳಿ ಕಳಿಸೋಣವೆಂದು ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹುಲ್ಲಹಳ್ಳಿ ಬಸ್ಸು ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಚೆಲುವಯ್ಯ ಇಳಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು, ಬಂದವರಿಗೆ "ಬನ್ನಿ" ಎಂದರು, ಮುಂದೆ ನಡೆದರು.

ಮೊದಲ ಗೋಡೆಯ ಮುಂದೆ ನಿಂತೆವು. ಆರು ಜನರೂ ಅವರ ಮುಖವನ್ನೇ ನೋಡುತ್ತ ಕಾದರು. ಚೆಲುವಯ್ಯ ಎಡಗೈಯಿಂದ ಗೋಡೆ ತೋರಿಸಿದರು. ಹೇಳಿದರು:

"ಒಸಿ ಒತ್ತು ಸುಮ್ಕೆ ನೋಡಿ. ಅವ್ನಿದ್ದಿದ್ರೆ ಮಾತಾಡಿ ಮಾತಾಡಿ ನೋಡಕ್ಕೇ ಬುಡ್ತಿರ್ಲಿಲ್ಲ."

ಚೆಲುವಯ್ಯ ನಕ್ಕರು, ನಾನೂ ನಕ್ಕೆ. ಆಮೇಲೆ ನಾವೆಲ್ಲ ಬಹಳ ಹೊತ್ತು ಆ ಗೋಡೆಯನ್ನು ನೋಡಿದೆವು.